ಕರಿ ಐದು, ಎ ಶಾರ್ಪು

(ಗಿಣಿಗೇರಾದಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಬರಹರೂಪ)



ಹತ್ತು ನಿಮಿಷದ ಹಿಂದೆ ಇದೇ ವೇದಿಕೆಯ ಮೇಲೆ ಒಂದು ಸಣ್ಣ ಮಾತುಕತೆ ನಡೆಯಿತು. ಮೈಕು ಹಿಡಿಯದ ಮಾತಾದ್ದರಿಂದ ನಿಮ್ಮಲ್ಲಿ ಬಹಳ ಜನಕ್ಕೆ ಕೇಳಿಸಿರಲಿಕ್ಕಿಲ್ಲ. ಪ್ರಾರ್ಥನೆ ಹಾಡಲು ಬಂದ ಹುಡುಗಿ ಪೇಟಿ ಮಾಸ್ತರರ ಕಡೆ ಬಗ್ಗಿ, ‘ಸರ, ಎ ಶಾರ್ಪ್ ಕೊಡ್ರಿ’ ಅಂದಳು. ಮಾಸ್ತರರು ಕನ್ನಡಕದ ಮೇಲಿಂದ ಆಕೆಯನ್ನು ನೋಡಿ, ‘ಯಾವ್ದವಾ ಅದು? ತೋರ್ಸು’ ಅಂದರು. ಆಕೆ ಬೆರಳಿಟ್ಟು ತೋರಿಸಿದಳು. ‘ಓ, ಕರಿ ಐದು! ಹಂಗನ್ನು ಮತ್ತ’ ಅಂತ ತಿದಿ ಒತ್ತಿ ಸೂರು ಹಿಡಿದರು. ಹಾಡು ಚೆನ್ನಾಗಿಯೇ ಆಯಿತು.

ನನ್ನ ಇವತ್ತಿನ ಉಪನ್ಯಾಸ ಪೂರ್ತಿ ಆ ಮಾತುಕತೆಯಲ್ಲೇ ಇದೆ. ಒಂದೇ ಪಟ್ಟಿ, ಎರಡು ಹೆಸರು, ನಡುವೆ ಒಂದು ಬೆರಳು. ಪಾಶ್ಚಾತ್ಯ ಸಂಗೀತದ ಪಾರಿಭಾಷಿಕ ಪದಗಳಿಗೆ ಕನ್ನಡದಲ್ಲಿ ಒಂದು ಕೈಪಿಡಿ ಹೇಗಿರಬೇಕು ಎಂಬುದು ನನಗೆ ಕೊಟ್ಟ ವಿಷಯ. ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರನಲ್ಲ. ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಹಾಡುವವರು, ಬಾರಿಸುವವರು ಆಡುವ ಮಾತುಗಳನ್ನು ಕೇಳಿದಲ್ಲಿ ಬರೆದಿಟ್ಟುಕೊಳ್ಳುವ ಚಟ ಇದೆ, ಅಷ್ಟೇ. ಅದಕ್ಕೊಂದು ನೋಟುಬುಕ್ಕಿದೆ. ಸಂಗೀತದ ನೋಟು ಓದಲು ಬಾರದವನ ನೋಟುಬುಕ್ಕು ಎಂದು ಮನೆಯಲ್ಲಿ ನಗುತ್ತಾರೆ.

ಪಟ್ಟಿಯಿಂದಲೇ ಶುರು ಮಾಡೋಣ. ನಮ್ಮ ಕಡೆ ‘ನಿಮ್ದು ಯಾವ ಪಟ್ಟಿ?’ ಅಂತ ಕೇಳುತ್ತಾರೆ. ಉತ್ತರ ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಹೀಗೆ ಬರುತ್ತದೆ. ಹಿಂದೂಸ್ತಾನಿ ಕಲಿತವರು ಮರಾಠಿಯ ರೂಢಿಯಲ್ಲಿ ಕಾಳಿ, ಪಾಂಢರಿ ಅಂದಾರು. ಕರಾವಳಿಗೆ ಹೋಗಿ ಯಕ್ಷಗಾನದ ಭಾಗವತರನ್ನು ಕೇಳಿದರೆ ಕಪ್ಪು ಎರಡು, ಕಪ್ಪು ಮೂರು. ಮೈಸೂರು ಕಡೆಯ ಕರ್ನಾಟಕ ಸಂಗೀತದವರಿಗೆ ಅದೇ ಪಟ್ಟಿ ‘ಮನೆ’ಯಾಗುತ್ತದೆ: ಒಂದು ಮನೆ, ಒಂದೂವರೆ ಮನೆ, ನಾಲ್ಕೂವರೆ ಮನೆ. ಬಿಳಿಗೆ ಪೂರ್ಣಾಂಕ, ಕರಿಗೆ ಅರ್ಧ. ಈ ಲೆಕ್ಕದಲ್ಲಿ ಒಂದು ಚಂದವಿದೆ. ಎರಡೂವರೆ ಮನೆ ಉಂಟು, ನಾಲ್ಕೂವರೆ ಉಂಟು, ಮೂರೂವರೆ ಮನೆ ಮಾತ್ರ ಇಲ್ಲ. ಮೂರನೆಯ ಮತ್ತು ನಾಲ್ಕನೆಯ ಬಿಳಿಯ ನಡುವೆ ಕರಿ ಇಲ್ಲವಲ್ಲ, ಅದಕ್ಕೆ. ಪಶ್ಚಿಮದವರು ಅವೇ ಪಟ್ಟಿಗಳಿಗೆ ಅಕ್ಷರ ಕೊಟ್ಟರು. ಬಿಳಿ ಒಂದು ಸಿ, ಬಿಳಿ ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರಕ್ಕೆ ಬಂದಾಗ ಎ, ಏಳು ಬಿ. ಕರಿಗಳಿಗೆ ಹಿಂದಿನ ಬಿಳಿಯ ಹೆಸರಿನ ಮೇಲೆ ಶಾರ್ಪು, ಇಲ್ಲವೇ ಮುಂದಿನ ಬಿಳಿಯ ಹೆಸರಿನ ಮೇಲೆ ಫ್ಲ್ಯಾಟು. ಹುಡುಗಿಯ ಎ ಶಾರ್ಪು ಇನ್ನೊಬ್ಬರ ಬಾಯಲ್ಲಿ ಬಿ ಫ್ಲ್ಯಾಟು, ಮಾಸ್ತರರ ಕರಿ ಐದು, ಮೈಸೂರಿನ ಆರೂವರೆ ಮನೆ.

ಬಿಳಿ ಆರು ಎಂಬ ಆ ‘ಎ’ ಇದೆಯಲ್ಲ, ಜಗತ್ತೆಲ್ಲ ವಾದ್ಯ ಕೂಡಿಸುವುದು ಅದರ ಮೇಲೆ. ಸೆಕೆಂಡಿಗೆ 440 ಕಂಪನ ಎಂದು 1939ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಒಪ್ಪಿಕೊಂಡರು. ಅದಕ್ಕೆ ಮುಂಚೆ ಒಂದೊಂದು ಊರಿಗೆ ಒಂದೊಂದು ‘ಎ’ ಇತ್ತು. ನಮ್ಮಲ್ಲಿ ಇವತ್ತಿಗೂ ಹಾಡುವವರ ಗಂಟಲೇ ‘ಸ’ವನ್ನು ನಿರ್ಧರಿಸುತ್ತದೆ, ಯಾವ ಸಭೆಯೂ ಅದನ್ನು ಕಟ್ಟಿಹಾಕಿಲ್ಲ. ಇದೊಂದು ಗೊತ್ತಿದ್ದರೆ ಕೈಪಿಡಿಯ ಅರ್ಧ ಗೊಂದಲ ಕಳೆದಂತೆ. ಅವರ ಅಕ್ಷರ ಜಾಗದ ಹೆಸರು, ನಮ್ಮ ಸರಿಗಮ ಸಂಬಂಧದ ಹೆಸರು. ಮನೆ ನಂಬರು ಬೇರೆ, ‘ಅಣ್ಣ’ ‘ಮಾವ’ ಅನ್ನುವುದು ಬೇರೆ. ಎರಡನ್ನೂ ‘ಸ್ವರ’ ಎಂಬ ಒಂದೇ ಪದದಲ್ಲಿ ತುರುಕಿದರೆ ಓದುವ ಹುಡುಗ ದಾರಿ ತಪ್ಪುತ್ತಾನೆ.

ಅವರಲ್ಲೂ ಸಂಬಂಧದ ಹೆಸರು ಇಲ್ಲದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಅರೆಝ್ಝೊ ಊರಿನ ಗ್ವಿಡೊ ಎಂಬ ಸನ್ಯಾಸಿ ಹುಡುಗರಿಗೆ ಹಾಡು ಬೇಗ ಕಲಿಸಲು ಒಂದು ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳನ್ನು ಎತ್ತಿಕೊಂಡ: ಉತ್, ರೆ, ಮಿ, ಫಾ, ಸೊಲ್, ಲಾ. ಷಡ್ಜದಿಂದ ಸ, ಗಾಂಧಾರದಿಂದ ಗ ಎತ್ತಿಕೊಂಡ ನಮ್ಮವರ ಉಪಾಯವೂ ಇದೇ ಜಾತಿಯದು. ಉತ್ ಹಾಡಲು ಬಾಯಿ ಕಟ್ಟುತ್ತದೆಂದು ಮುಂದೆ ಅದು ದೊ ಆಯಿತು. ಅವರ ರೆ ನಮ್ಮ ರೆ ಒಂದೇ ಸ್ಥಾನಕ್ಕೆ ಬಂದದ್ದು ಬರೀ ಕಾಕತಾಳೀಯ. ಇದರ ಮೇಲೆ ‘ಎಲ್ಲವೂ ಇಲ್ಲಿಂದಲೇ ಹೋದದ್ದು’ ಎಂದು ಭಾಷಣ ಮಾಡುವವರನ್ನು ಕೇಳಿದ್ದೇನೆ. ನೀವೂ ಕೇಳಿರುತ್ತೀರಿ.

ಪೇಟಿಗೆ ಬರೋಣ. ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಅದನ್ನು ಪ್ಯಾರಿಸ್ಸಿನಲ್ಲಿ ನೋಂದಾಯಿಸಿದವನು ಅಲೆಕ್ಸಾಂಡರ್ ದೆಬ್ಯಾ, 1842ರಲ್ಲಿ. ಅದು ಕುರ್ಚಿಯ ಮೇಲೆ ಕೂತು ಕಾಲಲ್ಲಿ ತುಳಿಯುವ ಪೆಟ್ಟಿಗೆ. ನಮ್ಮ ಕಂಪನಿ ನಾಟಕಗಳ ರಂಗದ ಮುಂದೆ ಕಾಣುತ್ತಿದ್ದ ಲೆಗ್ ಹಾರ್ಮೋನಿಯಂ ಅದರದೇ ಸಂತಾನ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವ ಪೇಟಿಯನ್ನು ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷರು, 1870ರ ದಶಕದಲ್ಲಿ. ಒಂದು ಕೈ ಗಾಳಿಗೆ ಹೋಯಿತು ಎಂದರೆ ಪಶ್ಚಿಮದವರ ಎರಡು ಕೈಯ ಸಂಗೀತವೇ ಹೋಯಿತು. ಉಳಿದದ್ದು ಒಂದು ಕೈ, ಒಂದು ಹೊತ್ತಿಗೆ ಒಂದು ಸ್ವರ. ವಾದ್ಯ ನಮ್ಮದಾದದ್ದು ಆ ಕ್ಷಣದಲ್ಲಿ ಎಂದು ನನ್ನ ಎಣಿಕೆ.

ಹೆಸರುಗಳನ್ನು ನೋಡಿ. ಪೇಟಿ, ಅಂದರೆ ಪೆಟ್ಟಿಗೆ. ಗಾಳಿಯ ಚೀಲಕ್ಕೆ ತಿದಿ. ಹಾರ್ಮೋನಿಯಮ್ಮಿಗೆ ಬರುವ ಮುಂಚೆ ತಿದಿ ಕಮ್ಮಾರನ ಕುಲುಮೆಯಲ್ಲಿತ್ತು. ಕಬ್ಬಿಣದ ಕಾರ್ಖಾನೆಗಳ ಹೊಗೆ ಕಾಣುವ ಈ ಊರಲ್ಲಿ ನಿಂತು ಇದನ್ನು ಹೇಳುವಾಗ ನನಗೊಂದು ಖುಷಿ. ಬೆಲ್ಲೋಸ್ ಎಂಬ ಇಂಗ್ಲಿಷ್ ಪದ ಬಂದು ಕದ ತಟ್ಟಿದಾಗ ಕಮ್ಮಾರರ ಪದ ಒಳಗಿನಿಂದ ‘ನಾನಿದೀನಿ’ ಅಂದಿದೆ. ಯಾವ ಪಂಡಿತರ ಸಮಿತಿಯೂ ‘ವಾಯುಕೋಶ’ ಎಂದು ಠರಾವು ಮಾಡಬೇಕಾಗಲಿಲ್ಲ. ರೀಡಿಗೆ ಮಾತ್ರ ನಮ್ಮಲ್ಲಿ ತಯಾರಿದ್ದ ಪದ ಇರಲಿಲ್ಲ, ಹಿತ್ತಾಳೆಯ ನಾಲಗೆ ಹೊಸದು, ರೀಡು ರೀಡಾಗಿಯೇ ಉಳಿಯಿತು. ಇದ್ದಲ್ಲಿ ಇದ್ದದ್ದು, ಇಲ್ಲದಲ್ಲಿ ತಂದದ್ದು. ಜನ ಪದ ಮಾಡುವ ರೀತಿ ಇದು.

ಪೇಟಿಯ ಮೇಲೆ ಒಂದು ಆರೋಪವೂ ಇತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿತು. ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ, ಅದೂ ಷರತ್ತಿನ ಮೇಲೆ. ಧಾರವಾಡ ನಿಲಯ 1950ರಲ್ಲಿ ಶುರುವಾಯಿತು ಎಂಬುದನ್ನು ನೆನೆದರೆ, ನಮ್ಮ ಭಾಗದ ಪೇಟಿಯವರು ತಮ್ಮದೇ ರೇಡಿಯೊದ ಹೊಸ್ತಿಲಲ್ಲಿ ಎಷ್ಟು ವರ್ಷ ಕಾದರು ಎಂದು ತಿಳಿಯುತ್ತದೆ. ಆರೋಪ ಏನೆಂದರೆ, ಪೇಟಿಯ ಸ್ವರ ಜಾರುವುದಿಲ್ಲ, ಮೀಂಡು ಬರುವುದಿಲ್ಲ, ಮತ್ತು ಅದರ ಶ್ರುತಿ ಸರಿ ಇಲ್ಲ. ಕೊನೆಯದನ್ನು ಕೊಂಚ ಬಿಡಿಸಿ ಹೇಳಬೇಕು. ಪಶ್ಚಿಮದವರು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದರು. ಯಾವ ಪಟ್ಟಿಯಿಂದ ಶುರು ಮಾಡಿದರೂ ಒಂದೇ ಹದ ಸಿಗಬೇಕು ಎಂಬುದು ಅವರ ಅನುಕೂಲ. ಆ ಒಂದೊಂದು ಪಾಲನ್ನು ನೂರು ಸೆಂಟು ಎಂದು ಎಣಿಸುವ ಕ್ರಮವನ್ನು 1885ರಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ತಂದ. ಸಮ ಪಾಲಿನಲ್ಲಿ ಪಂಚಮ 700 ಸೆಂಟು. ಕಿವಿ ಬಯಸುವುದು 702. ಆ ಎರಡು ಸೆಂಟು ಯಾರನ್ನೂ ನೋಯಿಸದು. ಆದರೆ ಗಾಂಧಾರ ಪೇಟಿಯಲ್ಲಿ 400, ತಂಬೂರಿಯ ತಂತಿ ತಾನಾಗಿ ನುಡಿಯುವ ಗಾಂಧಾರ 386. ಹದಿನಾಲ್ಕು ಸೆಂಟಿನ ಈ ಮೇಲೇರಿಕೆಯನ್ನೇ ನಮ್ಮ ಹಿರಿಯ ಗವಾಯಿಗಳು ‘ಪೇಟಿ ಗ ಚುಚ್ಚತೈತಿ’ ಅನ್ನುತ್ತಾರೆ. ಸಪ್ತಕವನ್ನು ಹೀಗೆ ಪಾಲು ಮಾಡಿ ಶ್ರುತಿ ಕೂಡಿಸುವುದಕ್ಕೆ ಅವರು ಹೇಳುವ ಟೆಂಪರಮೆಂಟ್ ಎಂಬ ಪದಕ್ಕೆ ಕನ್ನಡ ಹುಡುಕುವವರು ಮೊದಲು ಈ ‘ಚುಚ್ಚು’ವನ್ನು ಕೇಳಿಸಿಕೊಳ್ಳಬೇಕು.

ಬ್ಯಾಂಡಿನ ಕಡೆ ಹೋದರೆ ಬೇರೆ ಮೋಜು. ಮದುವೆ ಮೆರವಣಿಗೆಯಲ್ಲಿ ‘ಕ್ಲಾರಿಯೊನೆಟ್’ ಎನ್ನುವುದನ್ನು ಓದಿದವರು ತಿದ್ದುತ್ತಾರೆ: ಅದು ಕ್ಲಾರಿನೆಟ್ ರೀ. ತಿದ್ದುವವರಿಗೆ ನನ್ನದೊಂದು ತಿದ್ದುಪಡಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರೇ ಅದನ್ನು ಕ್ಲಾರಿಯೊನೆಟ್ ಎಂದು ಬರೆಯುತ್ತಿದ್ದರು. ಅವರು ಆಮೇಲೆ ಬಿಟ್ಟರು, ನಮ್ಮ ಬ್ಯಾಂಡಿನವರು ಬಿಡಲಿಲ್ಲ. ಅಜ್ಜನ ಕಾಲದ ತಾಮ್ರದ ಕೊಡ ಮೊಮ್ಮಗನ ಮನೆಯಲ್ಲಿ ಸಿಕ್ಕ ಹಾಗೆ. ಪಿಟೀಲೂ ಅಷ್ಟೆ. ವಯೊಲಿನ್ ಎಂಬ ಅಂಗಡಿ ಹೆಸರು ಬರುವ ಮುಂಚೆ ಫಿಡ್ಲ್ ಎಂಬ ಮನೆ ಹೆಸರು ಬಂದು, ತೆಂಕಣ ನಾಲಗೆಗಳಲ್ಲಿ ಹೊರಳಿ ಪಿಟೀಲಾಗಿ ಕೂತಿತು. ಅದಕ್ಕೆ ಏಳು ತಂತಿ ಹಾಕಿದ ಚೌಡಯ್ಯನವರನ್ನು ನಾಡು ಪಿಟೀಲು ಚೌಡಯ್ಯ ಎಂದೇ ಕರೆಯಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದರು.

ಬೆಂಜೊ ಇನ್ನೂ ವಿಚಿತ್ರ. ಗಣಪತಿ ಕಳಿಸುವ ದಿನ ನಮ್ಮ ರಸ್ತೆಯಲ್ಲಿ ಬರುವ ಬೆಂಜೊ ಅಮೆರಿಕದ ಬ್ಯಾಂಜೊ ಅಲ್ಲವೇ ಅಲ್ಲ. ಅದು ಬುಲ್‌ಬುಲ್ ತರಂಗ್. ಅದರ ಮೂಲ ಜಪಾನಿನಲ್ಲಿ 1912ರ ಸುಮಾರಿಗೆ ಹುಟ್ಟಿದ ತೈಶೋಗೊತೊ ಎಂಬ ವಾದ್ಯ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಜಪಾನಿನ ವಾದ್ಯ, ಅಮೆರಿಕದ ಹೆಸರು, ಕೊಪ್ಪಳದ ರಸ್ತೆ. ಈಗಂತೂ ವಾದ್ಯವೇ ಇಲ್ಲದೆ ಕೀಬೋರ್ಡು, ಪ್ಯಾಡು ಹೇರಿದ ಇಡೀ ಟ್ರಾಲಿಗೇ ಬೆಂಜೊ ಅನ್ನುತ್ತಾರೆ. ಇಂಗ್ಲಿಷ್ ನಿಘಂಟು ನೋಡಿ ಅರ್ಥ ಬರೆಯುವವನು ಇಲ್ಲಿ ಮುಗ್ಗರಿಸುತ್ತಾನೆ. ಕೀಬೋರ್ಡಿಗೆ ಕ್ಯಾಸಿಯೊ ಎನ್ನುವುದೂ ಹೀಗೆಯೇ. ಕಂಪನಿಯ ಹೆಸರು ಜಾತಿಯ ಹೆಸರಾಗಿದೆ, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇನ್ನೊಂದು ಜೋಡುಪದ: ನೊಟ್ಟುಸ್ವರ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಂಪನಿ ಸರಕಾರದ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ಬ್ರಿಟಿಷ್ ದೊರೆಗೆ ದೇವರು ಒಳ್ಳೆಯದು ಮಾಡಲಿ ಎಂದು ಹಾಡುತ್ತಿದ್ದ ಧಾಟಿಯೂ ಅದರಲ್ಲಿ ಸೇರಿ ದೇವರ ಸ್ತುತಿಯಾಯಿತು. ದಂಡಿನ ನಡಿಗೆಯ ಧಾಟಿಗಳು ಅವರ ಮೇಜರ್ ಸ್ಕೇಲಿನವು, ನಮ್ಮ ಲೆಕ್ಕಕ್ಕೆ ಶಂಕರಾಭರಣದ ಸ್ವರಗಳು. ಹೆಸರು ನೋಡಿ: ನೋಟೂ ಸ್ವರವೇ, ಸ್ವರವೂ ಸ್ವರವೇ. ‘ನಡು ಸೆಂಟರ್’ ಅಂತೀವಲ್ಲ, ಹಾಗೆ. ಒಂದು ಪದದ ಮೇಲೆ ನಂಬಿಕೆ ಸಾಲದಾದಾಗ ಜನ ಎರಡನ್ನೂ ಹೇಳಿಬಿಡುತ್ತಾರೆ. ಕೈಪಿಡಿಗೆ ಇದೂ ಒಂದು ಒಳ್ಳೆಯ ದಾರಿ. ‘ಕರಿ ಐದು, ಎ ಶಾರ್ಪು’ ಎಂದು ಎರಡನ್ನೂ ಪಕ್ಕಪಕ್ಕ ಬರೆದರೆ ಹುಡುಗಿಗೂ ಸಲ್ಲುತ್ತದೆ, ಮಾಸ್ತರರಿಗೂ ಸಲ್ಲುತ್ತದೆ.

ಸಂಗೀತದ ಪದಕೋಶಗಳನ್ನು ಯಾರು ಮಾಡಿದರು ಎಂದು ಹುಡುಕುತ್ತಿದ್ದಾಗ ನನಗೆ ಸಿಕ್ಕ ಒಬ್ಬ ಮನುಷ್ಯನನ್ನು ಈ ಊರಿಗೆ ಪರಿಚಯಿಸಲೇಬೇಕು. ಅಚ್ಚಾದ ಮೊದಲ ಸಂಗೀತ ಪದಕೋಶ 1495ರಷ್ಟು ಹಳೆಯದು, ಯೋಹಾನೆಸ್ ಟಿಂಕ್ಟೋರಿಸ್ ಎಂಬವನದು. ದಾರ್ಶನಿಕ ರೂಸೊ ಕೂಡ ಒಂದು ಸಂಗೀತ ನಿಘಂಟು ಬರೆದ. ನಾನು ಹೇಳುತ್ತಿರುವುದು ಜಾರ್ಜ್ ಗ್ರೋವ್ ಎಂಬವನ ವಿಷಯ. ಇಂಗ್ಲಿಷ್ ಲೋಕದಲ್ಲಿ ಸಂಗೀತದ ಯಾವ ಪದ ಬೇಕಾದರೂ ಇವತ್ತಿಗೂ ಬಿಚ್ಚುವುದು ಗ್ರೋವ್ ನಿಘಂಟನ್ನೇ. ಮೊದಲ ಸಂಪುಟ 1879ರಲ್ಲಿ ಬಂತು. ಈ ಗ್ರೋವ್ ಸಂಗೀತ ವಿದ್ವಾಂಸನಾಗಿ ಬೆಳೆದವನಲ್ಲ. ಆತ ಸಿವಿಲ್ ಇಂಜಿನಿಯರ್. ಇಪ್ಪತ್ತರ ಹರೆಯದಲ್ಲಿ ಜಮೈಕಾ ಮತ್ತು ಬರ್ಮುಡಾ ದ್ವೀಪಗಳಲ್ಲಿ ದೀಪಸ್ತಂಭ ನಿಲ್ಲಿಸಿದವನು, ಅವೂ ಎರಕದ ಕಬ್ಬಿಣದವು! ಎರಕದ ಕಬ್ಬಿಣ ಅಂದರೆ ಏನೆಂದು ಈ ಸಭೆಯಲ್ಲಿ ಕೂತ ಅರ್ಧ ಜನಕ್ಕೆ ನಾನು ಹೇಳಿಕೊಡಬೇಕಾಗಿಲ್ಲ, ಶಿಫ್ಟು ಮುಗಿಸಿ ಬಂದಿದ್ದೀರಿ. ನಿಘಂಟಿನ ಕೆಲಸವನ್ನು ಆತ ಕೂಡ ಶಿಫ್ಟಿನ ಕೆಲಸದಂತೆಯೇ ಮಾಡಿದ್ದಾನೆ. ಯಾವ ಬೋಲ್ಟು ಎಲ್ಲಿಗೆ, ಯಾವುದರ ಮೇಲೆ ಭಾರ ಬೀಳುತ್ತದೆ ಎಂಬ ಲೆಕ್ಕ ಅವನಿಗಿತ್ತು.

ನಮ್ಮಲ್ಲಿ ಇಂಥ ಕೆಲಸದ ಅಭ್ಯಾಸ ಇರಲಿಲ್ಲ ಎಂದುಕೊಳ್ಳಬೇಡಿ. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ಹೆಚ್ಚುಕಡಿಮೆ ವಿಶ್ವಕೋಶವೇ. ವೇದಾಂತದ ಜತೆಗೆ ಸಂಗೀತದ ಮಾತುಗಳಿಗೂ ಅದರಲ್ಲಿ ಜಾಗವಿದೆ. ಮತ್ತು ಭಾಷೆಯ ಹದದ ಬಗ್ಗೆ ಮಾತಾಡಲು ಈ ನೆಲಕ್ಕಿಂತ ಹಕ್ಕಿನ ಜಾಗ ಯಾವುದಿದೆ? ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಎಣಿಸಿದ ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳವೂ ಒಂದು. ಆಚೆ ಮುಳಗುಂದದ ನಯಸೇನ 1112ರಲ್ಲಿ ತನ್ನ ಧರ್ಮಾಮೃತದಲ್ಲಿ, ಕನ್ನಡಕ್ಕೆ ಒಗ್ಗದ ಸಂಸ್ಕೃತ ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿದ. ಎಂಟುನೂರು ವರ್ಷ ಕಳೆದ ಮೇಲೆ ನಮ್ಮ ಪಾರಿಭಾಷಿಕ ಪದಸಮಿತಿಗಳು ಬಂದವು. ಅವರ ಅಡುಗೆಯಲ್ಲಿ ತುಪ್ಪ ಎಲ್ಲಿತ್ತು, ಬರೀ ಎಣ್ಣೆ.

ಉದಾಹರಣೆಗೆ ಇಟಾಲಿಯನ್ ಪದಗಳನ್ನು ತೆಗೆದುಕೊಳ್ಳಿ. ಯುರೋಪಿನ ಸಂಗೀತದ ಹಾಳೆಯ ಮೇಲೆ ಹೇಗೆ ನುಡಿಸಬೇಕೆಂದು ಬರೆಯುವುದು ಬಹುಮಟ್ಟಿಗೆ ಇಟಾಲಿಯನ್ನಿನಲ್ಲಿ. ನಮಗೆ ಅವು ಮಂತ್ರದಂತೆ ಕೇಳುತ್ತವೆ. ಇಟಲಿಯವನಿಗೆ ಅವು ಸಂತೆಯ ಮಾತು. ಅಲೆಗ್ರೊ ಎಂದರೆ ಉಲ್ಲಾಸ. ಲಾರ್ಗೊ ಎಂದರೆ ಅಗಲ. ಆಂದಾಂತೆ ಎಂದರೆ ನಡೆಯುತ್ತ. ಲೆಗಾತೊ ಕಟ್ಟಿದ್ದು, ಸ್ತಕ್ಕಾತೊ ಬಿಡಿಬಿಡಿ. ಕ್ರೆಶೆಂಡೊ ಬೆಳೆಯುತ್ತ. ತುತ್ತಿ ಎಂದರೆ ಎಲ್ಲರೂ. ಕೋಡಾ ಎಂದರೆ ಬಾಲ. ಸೊನಾಟಾ ನುಡಿಸಿದ್ದು, ಕಂಟಾಟಾ ಹಾಡಿದ್ದು. ದ ಕಾಪೊ ಎಂದರೆ ತಲೆಯಿಂದ, ಅಂದರೆ ಮತ್ತೆ ಮೊದಲಿಂದ. ಅವರಿಗೆ ಹಾಡಿನ ಶುರು ತಲೆ, ಹಿಂದೂಸ್ತಾನಿಯವರಿಗೆ ಮುಖಡಾ, ಮುಖ. ಬಹಳ ದೂರವೇನಿಲ್ಲ. ಒಂದು ಸ್ವರದ ಮೇಲೆ ಬೇಕಾದಷ್ಟು ಹೊತ್ತು ನಿಲ್ಲು ಎಂಬ ಗುರುತಿಗೆ ಫೆರ್ಮಾತಾ ಎನ್ನುತ್ತಾರೆ. ಇಟಲಿಯಲ್ಲಿ ಬಸ್‌ಸ್ಟಾಪಿಗೂ ಅದೇ ಪದ. ಗಿಣಿಗೇರಾ ಸ್ಟಾಪಿನಲ್ಲಿ ಬಸ್ಸು ಹೇಗೆ ಬೇಕಾದಷ್ಟು ಹೊತ್ತು ನಿಲ್ಲುತ್ತದೋ ಹಾಗೆ ಎಂದು ಬರೆದರೆ ಅದಕ್ಕಿಂತ ಸ್ಪಷ್ಟ ಅರ್ಥ ಬೇಕೇ? 1700ರ ಆಸುಪಾಸಿನಲ್ಲಿ ಫ್ಲಾರೆನ್ಸಿನ ಕ್ರಿಸ್ಟೊಫೊರಿ ಕಟ್ಟಿದ ವಾದ್ಯಕ್ಕೆ ‘ಮೆತ್ತಗೂ ಜೋರಾಗಿಯೂ ನುಡಿಯುವುದು’ ಎಂದು ಉದ್ದ ಹೆಸರಿತ್ತು. ಅದರಲ್ಲಿ ಮೆತ್ತಗೆ ಎಂಬುದಷ್ಟೇ ಉಳಿದು ಪಿಯಾನೊ ಆಯಿತು. ದೀಪಾವಳಿ ಪಟಾಕಿಗೆ ‘ಮೆತ್ತಗೆ’ ಎಂದು ಹೆಸರಿಟ್ಟಂತೆ!

ಇಂಥ ಮನೆಮಾತಿಗೆ ‘ಕ್ರಮವರ್ಧಮಾನ ತಾರಧ್ವನಿ’ ಎಂದೆಲ್ಲ ಮಾಡುವುದು ಇಟಲಿಗೂ ಅನ್ಯಾಯ, ಕನ್ನಡಕ್ಕೂ ಅನ್ಯಾಯ. ನನ್ನ ಅಭಿಪ್ರಾಯ ಇಷ್ಟು. ಹಾಳೆಯ ಮೇಲೆ ಇಟಾಲಿಯನ್ ಪದ ಹಾಗೇ ಇರಲಿ, ಜಗತ್ತಿನ ಯಾವ ವಾದ್ಯಗಾರನಿಗೂ ಅದು ಗೊತ್ತಿರಬೇಕಾದ್ದೇ. ಅರ್ಥ ಹೇಳುವಾಗ ಮಾತ್ರ ನಮ್ಮ ಓಣಿಯ ಕನ್ನಡ ಬೇಕು. ಒಂದು ಎಚ್ಚರಿಕೆ ಸೇರಿಸಬೇಕು. ಆಂದಾಂತೆಯನ್ನು ‘ನಡೆ’ ಎಂದು ಬರೆಯಲು ಕೈ ತುರಿಸುತ್ತದೆ, ಎರಡೂ ಕಾಲಿನ ಪದಗಳೇ. ಆದರೆ ತಿಶ್ರ ನಡೆ, ಚತುರಶ್ರ ನಡೆ ಎಂಬಲ್ಲಿ ನಮ್ಮ ನಡೆ ವೇಗದ ಮಾತಲ್ಲ, ಒಂದು ಏಟಿನೊಳಗೆ ಎಷ್ಟು ಪಾಲು ಎಂಬುದರ ಮಾತು. ಅಲ್ಲಿ ಬೆರೆಸಬಾರದು. ನಯಸೇನ ನೋಡುತ್ತಿರುತ್ತಾನೆ.

ನಿಜವಾಗಿ ಕಾಲು ಜಾರುವುದು ಇಂಥ ಕಡೆಯೇ. ಎರಡೂ ಕಡೆ ಪದವಿದ್ದು ಅರ್ಥ ಬೇರೆಯಾದ ಜಾಗಗಳು. ಸ್ಕೇಲ್ ಎಂಬುದನ್ನೇ ನೋಡಿ. ನಮ್ಮ ಕಡೆ ‘ನಿಮ್ಮ ಸ್ಕೇಲ್ ಯಾವುದ್ರಿ?’ ಎಂದರೆ ಯಾವ ಪಟ್ಟಿ ನಿಮ್ಮ ಸ ಎಂದರ್ಥ. ಪಶ್ಚಿಮದವರಿಗೆ ಸ್ಕೇಲ್ ಎಂದರೆ ಸ್ವರಗಳ ಏಣಿ, ಹೆಚ್ಚುಕಡಿಮೆ ನಮ್ಮ ಥಾಟು ಅಥವಾ ಮೇಳ. ನಾವು ಸ್ಕೇಲ್ ಅನ್ನುವುದಕ್ಕೆ ಅವರು ಕೀ ಅನ್ನುತ್ತಾರೆ. ಅವರ ಕೀ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಬೆರಳು ಒತ್ತುವ ಪಟ್ಟಿ. ನಮ್ಮ ಪಟ್ಟಿಗೂ ಎರಡು ಅರ್ಥ, ಒತ್ತುವ ಪಟ್ಟಿಯೂ ಹೌದು, ಹಾಡುವ ಎತ್ತರವೂ ಹೌದು. ಅಂದರೆ ಕೀ ಎಂದರೆ ಸರಿಯಾಗಿ ಪಟ್ಟಿಯೇ! ಪೇಟಿಯವರು ಯಾವ ನಿಘಂಟು ನೋಡದೆ ಎರಡು ಅರ್ಥಕ್ಕೂ ಸಲ್ಲುವ ಪದ ಇಟ್ಟುಕೊಂಡಿದ್ದಾರೆ. ನನ್ನ ನೋಟುಬುಕ್ಕಿನಲ್ಲಿ ಇದನ್ನು ಬರೆದ ದಿನ ಎರಡು ಸಲ ಚಹಾ ಕುಡಿದೆ.

ಸಪ್ತಕ, ಆಕ್ಟೇವ್ ಇವೂ ಹಾಗೆ. ಅವರು ಮೇಲಿನ ಸವನ್ನೂ ಸೇರಿಸಿ ಎಂಟು ಎಣಿಸಿದರು, ನಾವು ಅದನ್ನು ಬಿಟ್ಟು ಏಳು. ಅಷ್ಟಕ ಎಂದು ಹೊಸದು ಮಾಡುವ ಅಗತ್ಯವಿಲ್ಲ, ಸಪ್ತಕ ಸಾಕು, ಎಣಿಕೆಯ ಭೇದವನ್ನು ಒಂದು ಸಾಲಿನಲ್ಲಿ ಹೇಳಿದರೆ ಮುಗಿಯಿತು. ಶಾರ್ಪಿಗೆ ತೀವ್ರ, ಫ್ಲ್ಯಾಟಿಗೆ ಕೋಮಲ ಎಂದು ಬರೆಯುವವರುಂಟು; ನಾನು ಒಪ್ಪುವುದಿಲ್ಲ. ನಮ್ಮಲ್ಲಿ ತೀವ್ರವಾಗುವುದು ಮಧ್ಯಮ ಒಂದೇ, ಕೋಮಲವಾಗುವುದು ರಿ, ಗ, ಧ, ನಿ. ಅವರಲ್ಲಿ ಯಾವ ಸ್ವರವನ್ನಾದರೂ ಏರಿಸಬಹುದು, ಇಳಿಸಬಹುದು. ಪಂಚಮವನ್ನೂ! ಪಂಚಮಕ್ಕೆ ಕೋಮಲ ಎಂದು ಗದಗಿನ ಗವಾಯಿಗಳ ಆಶ್ರಮದಲ್ಲಿ ಯಾರಾದರೂ ಅಂದರೆ ಹುಡುಗರು ನಕ್ಕಾರು. ಶ್ರುತಿಯಂತೂ ಸುಸ್ತಾದ ಎತ್ತು. ಪಿಚ್ಚಿಗೂ ಅದೇ, ತಂಬೂರಿಯ ನಾದಕ್ಕೂ ಅದೇ, ಇಪ್ಪತ್ತೆರಡು ಸೂಕ್ಷ್ಮ ಸ್ವರಗಳಿಗೂ ಅದೇ, ವೇದಕ್ಕೂ ಅದೇ. ಅದರ ಹೆಗಲಿಗೆ ಇನ್ನೊಂದು ನೊಗ ಬೇಡ. ಪಿಚ್ಚಿಗೆ ‘ಎತ್ತರ’ ಎಂದರೆ ಸಾಕು.

ಮೇಜರ್ ಮತ್ತು ಮೈನರ್ ಬಗ್ಗೆ ಒಂದು ಮಾತು. ಮೇಜರ್ ಏಣಿಯಲ್ಲಿ ಶಂಕರಾಭರಣದ, ಬಿಲಾವಲ್ ಥಾಟಿನ ಸ್ವರಗಳಿವೆ. ಮೈನರಿನಲ್ಲಿ ಹಾರ್ಮೋನಿಕ್ ಮೈನರ್ ಎಂಬ ಬಗೆ ನಮ್ಮ ಕೀರವಾಣಿಯದೇ ಸ್ವರ. ಸ್ವರ ಒಂದಾದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ, ಅಕ್ಕಿ ಒಂದೇ ಆದ ಮಾತ್ರಕ್ಕೆ ಅನ್ನವೂ ಮಂಡಕ್ಕಿಯೂ ಒಂದಾಗುವುದಿಲ್ಲ. ಜರ್ಮನರು ಇವನ್ನು ದುರ್, ಮೊಲ್ ಅನ್ನುತ್ತಾರೆ, ಲ್ಯಾಟಿನ್ನಿನ ಗಟ್ಟಿ ಮತ್ತು ಮೆತ್ತನೆ ಎಂಬ ಪದಗಳು. ಆ ಜರ್ಮನರೇ ಇಂಗ್ಲಿಷರ ಬಿ ಸ್ವರಕ್ಕೆ ಹೆಚ್ ಎಂದೂ ಬಿ ಫ್ಲ್ಯಾಟಿಗೆ ಬರೀ ಬಿ ಎಂದೂ ಕರೆಯುತ್ತಾರೆ. ಹೀಗಾಗಿ ಬಾಖ್ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನೇ ಸ್ವರವಾಗಿ ನುಡಿಸಬಲ್ಲವನಾದ. ನಮ್ಮ ಹುಡುಗಿಯ ಕರಿ ಐದರಿಂದಲೇ ಅವನ ಹೆಸರು ಶುರು.

ಈ ಪದಗಳು ನಮ್ಮ ನಾಡಿಗೆ ಅರಮನೆಯ ಬಾಗಿಲಿಂದ ಬರಬಹುದಿತ್ತು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತವನ್ನು ಪರೀಕ್ಷೆ ಕೊಟ್ಟು ಕಲಿತವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿ ಕೊಟ್ಟಿತ್ತು. ರಷ್ಯಾದ ನಿಕೊಲಾಯ್ ಮೆಡ್‌ನರ್ ಲಂಡನ್ನಿನಲ್ಲಿ ಮುಪ್ಪಿನಲ್ಲಿದ್ದಾಗ ಆತನ ಸಂಗೀತವನ್ನು ರೆಕಾರ್ಡು ಮಾಡಿಸಲು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಕೊನೆಯ ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲು ಕೇಳಿಸಿದ್ದೂ ಅವರು ಹಣಕ್ಕೆ ಹೊಣೆ ನಿಂತದ್ದರಿಂದ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿತ್ತು, ಜರ್ಮನಿಯ ಓಟ್ಟೊ ಶ್ಮಿಟ್ ಅದನ್ನು ನಡೆಸುತ್ತಿದ್ದ. ಇಷ್ಟೆಲ್ಲ ಇದ್ದೂ, ಆ ಸಂಗೀತದ ಯಾವ ಪದವೂ ಅಲ್ಲಿಂದ ಇಳಿದು ಕನ್ನಡದ ಬಾಯಿಗೆ ಬೀಳಲಿಲ್ಲ. ಮಹಾರಾಜರ ಮೇಲೆ ನನಗೆ ದೂರಿಲ್ಲ, ಅವರೇ ಕನ್ನಡಿಗರಿಗೆ ಅಭಿಮಾನದ ವಿಷಯ. ಅರಮನೆಯ ಪಿಯಾನೊ ಅರಮನೆಯಲ್ಲೇ ಇತ್ತು, ಪೇಟಿ ನಾಟಕದ ಚಕ್ಕಡಿ ಹತ್ತಿ ಕುಕನೂರಿಗೂ ಬಂತು ಕುಷ್ಟಗಿಗೂ ಬಂತು. ಪದ ಚಕ್ಕಡಿಯ ಜತೆ ನಡೆಯಿತು.

ಪಾದ್ರಿಗಳ ದಾರಿ ನಡುವಿನದು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ದಾಟಿ ನಮ್ಮ ನೆರೆಯ ಗದಗಿನ ಬೆಟಗೇರಿಗೂ ಬಂದರು. ಜರ್ಮನ್ ಧಾಟಿಗೆ ಕನ್ನಡ ಸಾಲು ಹೊಂದಿಸಿದರು. ಕಿಟ್ಟೆಲ್ ಮಾತ್ರ ತಿರುಗಾ ಹೊರಟ: 1862ರ ತನ್ನ ಕಥಾಮಾಲೆಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಹಾಕಿದ. ಮುಂದೆ 1894ರ ನಿಘಂಟು ಮಾಡುವವನ ಕಿವಿ ಹೀಗೆ ತಯಾರಾಯಿತು.

ಗದಗ ಎಂದ ಕೂಡಲೆ ವೀರೇಶ್ವರ ಪುಣ್ಯಾಶ್ರಮ ನೆನಪಾಗದೆ ಇರದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ನೂರಾರು ಮಕ್ಕಳಿಗೆ ಪೇಟಿ, ತಬಲಾ, ಪಿಟೀಲು ಕಲಿಸಿದರು. ಅಲ್ಲಿ ಕರಿ, ಬಿಳಿ ಎಂಬ ಪದಗಳಿಗೆ ಏನರ್ಥ ಎಂದು ನಾನೊಮ್ಮೆ ಅಲ್ಲಿ ಕಲಿತ ಒಬ್ಬ ಪೇಟಿಯವರನ್ನು ಕೇಳಿದೆ. ‘ಕರಿ ಅಂದ್ರ ಎತ್ತರಕ್ಕಿರೋದ್ರೀ, ಬಿಳಿ ಅಂದ್ರ ತಗ್ಗಿನ್ಯಾಗಿರೋದು’ ಅಂದರು. ಬಣ್ಣದ ಪದ ಬೆರಳಿನ ಪದವಾಗಿತ್ತು. ಲೂಯಿ ಬ್ರೈಲ್ ಕೂಡ ಆರ್ಗನ್ ನುಡಿಸುವವನು. 1829ರಲ್ಲಿ ತನ್ನ ಚುಕ್ಕಿಗಳ ಲಿಪಿ ಪ್ರಕಟಿಸಿದಾಗ ಅಕ್ಷರದ ಜತೆ ಸಂಗೀತಕ್ಕೂ ಅದರಲ್ಲಿ ಜಾಗ ಮಾಡಿದ್ದ. ನಮ್ಮ ಕೈಪಿಡಿಯೂ ಒಬ್ಬರು ಓದಿ ಇನ್ನೊಬ್ಬರು ಕೇಳಿದರೆ ತಿಳಿಯುವಂತಿರಬೇಕು. ಚಿತ್ರ, ಗೆರೆ, ಬಾಣ ತೋರಿಸಿ ‘ಮೇಲಿನಂತೆ’ ಎಂದು ಬರೆದರೆ ಗದಗಿನ ಹುಡುಗನಿಗೆ ಏನು ಸಿಕ್ಕಿತು?

ಕೊನೆಗೆ ಉಳಿದದ್ದು ನನ್ನ ನೋಟುಬುಕ್ಕಿನ ಖಾಲಿ ಪುಟ: ಕಾರ್ಡ್. ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಯುವುದು. ಒಂದು ಕೈ ಗಾಳಿಗೆ ಕೊಟ್ಟ ನಮ್ಮ ಪೇಟಿಯವರಿಗೆ ಅದರ ಹಂಗು ಕಡಿಮೆ, ಹಾಗಾಗಿ ಅವರಲ್ಲಿ ಪದವೂ ಸಿಗಲಿಲ್ಲ. ಸ್ವರಮೇಳ ಎಂದು ಪುಸ್ತಕಗಳಲ್ಲಿದೆ. ಮೇಳ ಎಂದರೆ ನಮಗೆ ಎಪ್ಪತ್ತೆರಡು ಮೇಳಕರ್ತ, ಯಕ್ಷಗಾನದ ಮೇಳ, ಕೃಷಿ ಮೇಳ, ಉದ್ಯೋಗ ಮೇಳ. ಇಷ್ಟು ಗದ್ದಲದಲ್ಲಿ ಮೂರು ಸ್ವರ ಕೇಳಿಸುವುದಿಲ್ಲ. ಗೊಂಚಲು ಎಂದು ಬರೆದು ನೋಡಿದೆ. ಚಂದವಿದೆ, ಆದರೆ ಯಾರ ಬಾಯಲ್ಲೂ ಇಲ್ಲ.

ಹೋದ ತಿಂಗಳು ನಮ್ಮ ಓಣಿಯ ಒಂದು ಮದುವೆಯ ಆರ್ಕೆಸ್ಟ್ರಾದಲ್ಲಿ ಕ್ಯಾಸಿಯೊ ನುಡಿಸುವ ಹುಡುಗನ ಪಕ್ಕ ಕೂತಿದ್ದೆ. ಹಗಲು ಕಾರ್ಖಾನೆ, ರಾತ್ರಿ ಆರ್ಕೆಸ್ಟ್ರಾ. ‘ಎಡಗೈಯಾಗ ಏನ್ ಮಾಡ್ತೀಯೋ ತಮ್ಮಾ?’ ಎಂದು ಕೇಳಿದೆ. ‘ಏನಿಲ್ರಿ ಅಜ್ಜಾರ, ಹಿಡಿ ಬದ್ಲಿ ಮಾಡ್ತೀನ್ರಿ. ಈಗ ಸಿ ಹಿಡಿ ಹಿಡ್ದೇನಿ, ಮುಂದ ಎಫ್ ಹಿಡಿ ಬರತೈತಿ’ ಅಂದ. ಹಿಡಿ! ಮುಷ್ಟಿಯೂ ಹೌದು, ಒಂದು ಹಿಡಿ ಕಾಳು ಅಂದಾಗಿನ ಅಳತೆಯೂ ಹೌದು, ಹಿಡಿದುಕೊಳ್ಳುವ ಕೆಲಸವೂ ಹೌದು. ಒಬ್ಬ ಹುಡುಗ ಒಂದು ರಾತ್ರಿ ಅಂದದ್ದನ್ನು ಪದವೆಂದು ಬರೆಯಬಹುದೋ ಬಾರದೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮಲ್ಲಿ ಆರ್ಕೆಸ್ಟ್ರಾದವರು, ಭಜನೆ ಸಂಘದವರು, ಬ್ಯಾಂಡಿನವರು ಇದ್ದರೆ ಸಭೆ ಮುಗಿದ ಮೇಲೆ ಚಹಾದ ಹತ್ತಿರ ಸಿಗಿ. ನೀವು ಏನಂತೀರಿ ಎಂದು ಕೇಳಬೇಕಾಗಿದೆ. ನೋಟುಬುಕ್ಕು ಚೀಲದಲ್ಲೇ ಇದೆ, ಗದಗಿನ ಗಾಡಿಗೆ ಇನ್ನೂ ಮುಕ್ಕಾಲು ತಾಸಿದೆ.